ಹಿಂದಿ ಸಿನಿಮಾಗೆ ನನ್ನದು ಲ್ಯಾಟರಲ್ ಎಂಟ್ರಿ

ರಾಜಾಜಿನಗರದ ಕಡೆ ಓಡಾಡುವವರಿಗೆ ಗೊತ್ತಿರುತ್ತದೆ. ನವರಂಗ್ ಚಿತ್ರಮಂದಿರದಿಂದ ಯಶವಂತಪುರದ ದಿಕ್ಕಿಗೆ ಹೋಗುವ ರಸ್ತೆಯ ಹೆಸರು ಡಾ. ರಾಜ್‌ಕುಮಾರ್ ರಸ್ತೆ. ಅದೇ ರಸ್ತೆಯಲ್ಲಿ ಒರಾಯನ್ ಮಾಲ್, ಮಾಲ್‌ನೊಳಗೆ ಮಲ್ಟಿಪ್ಲೆಕ್ಸ್. ಅಣ್ಣಾವ್ರ ಹೆಸರಿನ ರಸ್ತೆಯಲ್ಲಿ ಬಸ್ ಇಳಿದು, ಶಾರುಖ್ ಖಾನ್ ಸಿನಿಮಾದ ಟಿಕೆಟ್ ತೋರಿಸಿ ಒಳಗೆ ಹೋಗುವಾಗ ನಮ್ಮಂಥ ಮನೆಯ ಹುಡುಗನಿಗೆ ಒಂಚೂರು ಕಸಿವಿಸಿ ಆಗದೇ ಇರುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ, ಬಿ.ಇ. ಮೊದಲ ಸೆಮಿಸ್ಟರ್ ಶುರುವಾದ ಹೊಸದರಲ್ಲಿ, ನಾನು ಹಾಗೆ ಹೋಗಿ ನೋಡಿದ್ದು ‘ಜವಾನ್’. ಚಿತ್ರಮಂದಿರದಲ್ಲಿ ನಾನು ನೋಡಿದ ಮೊದಲ ಹಿಂದಿ ಸಿನಿಮಾ ಅದು. ಆಗ ನನಗೆ ಹದಿನೆಂಟು.

ತಮಾಷೆ ಏನೆಂದರೆ, ಆ ಹಿಂದಿ ಸಿನಿಮಾದಲ್ಲಿ ಹಿಂದಿಯೆನ್ನುವುದು ಮಾತು ಮಾತ್ರ. ನಿರ್ದೇಶಕ ಅಟ್ಲೀ ತಮಿಳಿನವರು, ಸಂಗೀತ ಅನಿರುದ್ಧ್, ಖಳನಾಗಿ ವಿಜಯ್ ಸೇತುಪತಿ. ನಾಯಕಿ ನಯನತಾರಾ ಹುಟ್ಟಿದ್ದು ಬೆಂಗಳೂರಿನಲ್ಲಿ, ನಡುವೆ ಬಂದುಹೋಗುವ ದೀಪಿಕಾ ಪಡುಕೋಣೆ ಬೆಳೆದದ್ದೂ ಬೆಂಗಳೂರಿನಲ್ಲಿ. ಅವರ ಮೊದಲ ಸಿನಿಮಾ 2006ರ ಕನ್ನಡದ ‘ಐಶ್ವರ್ಯ’. ಹೀರೊ ಬರುವ ರೀತಿ, ಹಿಂದೆ ಮೊಳಗುವ ಸದ್ದು, ಇಂಟರ್‌ವಲ್‌ಗೆ ಸರಿಯಾಗಿ ಬೀಳುವ ತಿರುವು ಎಲ್ಲವೂ ನನಗೆ ಗೊತ್ತಿದ್ದದ್ದೇ. ಹೊಸ ಊರಿಗೆ ಹೋಗಿ ಹೋಟೆಲ್‌ನಲ್ಲಿ ಕೂತರೆ ಪಕ್ಕದ ಟೇಬಲ್‌ನಲ್ಲಿ ನಮ್ಮ ಬೀದಿಯವರೇ ಕೂತಿದ್ದ ಹಾಗಾಯಿತು.

ನಿಜವಾದ ಹಿಂದಿ ಸಿನಿಮಾ ಎಂದರೆ ಯಾವುದು ಎಂಬ ಹುಡುಕಾಟ ಶುರುವಾದದ್ದು ಆಮೇಲೆ. ಎಂಜಿನಿಯರಿಂಗ್‌ನವರಿಗೆ ಲ್ಯಾಟರಲ್ ಎಂಟ್ರಿ ಗೊತ್ತು. ಡಿಪ್ಲೊಮಾ ಮುಗಿಸಿದವರು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಬಂದು ಕೂರುತ್ತಾರೆ. ಪಾಠ ಅರ್ಥವಾಗುತ್ತದೆ, ಲ್ಯಾಬ್‌ನಲ್ಲಂತೂ ನಮಗಿಂತ ಮುಂದೆ. ಆದರೆ ಕ್ಲಾಸ್‌ನಲ್ಲಿ ಯಾರೋ ಏನೋ ಅಂದಾಗ ಅರವತ್ತು ಜನ ನಗುತ್ತಾರಲ್ಲ, ಅದು ಮಾತ್ರ ಗೊತ್ತಾಗುವುದಿಲ್ಲ. ಏಕೆಂದರೆ ಆ ಜೋಕ್ ಹುಟ್ಟಿದ್ದು ಮೊದಲ ವರ್ಷದಲ್ಲಿ. ಹಿಂದಿ ಸಿನಿಮಾದ ಎದುರು ನನ್ನದು ಅದೇ ಸ್ಥಿತಿ.

ಬಸವೇಶ್ವರನಗರದ ನಮ್ಮ ಮನೆ ಅಪ್ಪಟ ಅಣ್ಣಾವ್ರ ಮನೆ. ತೀರಿಕೊಂಡ ಅಜ್ಜ ಬಿನ್ನಿ ಮಿಲ್ಲಿನಲ್ಲಿದ್ದವರು. ಪಾಳಿ ಮುಗಿಸಿ ಸೀದಾ ಕೆಂಪೇಗೌಡ ರಸ್ತೆಯ ಥಿಯೇಟರ್‌ಗಳ ಕಡೆ ನಡೆದುಬಿಡುತ್ತಿದ್ದರಂತೆ. 1982ರ ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಬೀದಿಗಿಳಿದಾಗ ಅಜ್ಜನೂ ಮೆರವಣಿಗೆಯಲ್ಲಿದ್ದರು ಎನ್ನುವುದು ನಮ್ಮ ಮನೆಯ ಪುರಾಣದ ಮುಖ್ಯ ಅಧ್ಯಾಯ. ಇಂಥ ಮನೆಯಲ್ಲಿ ಹಿಂದಿ ಸಿನಿಮಾವನ್ನು ಯಾರೂ ನಿಷೇಧಿಸಿರಲಿಲ್ಲ. ಯಾರೂ ಹಾಕುತ್ತಿರಲಿಲ್ಲ, ಅಷ್ಟೆ. ಹಿಂದಿಯದ್ದು ಕನ್ನಡದಲ್ಲಿ ಮಾತಾಡಿಕೊಂಡು ಬರುವ ದಾರಿಯೂ ಇರಲಿಲ್ಲ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ರಾಜ್‌ಕುಮಾರ್ ಮೊದಲಾದವರು ಡಬ್ಬಿಂಗ್ ವಿರುದ್ಧ ನಿಂತ ಮೇಲೆ ಸುಮಾರು ಅರ್ಧ ಶತಮಾನ ಇಲ್ಲಿ ಡಬ್ಬಿಂಗ್‌ಗೆ ಜಾಗವಿರಲಿಲ್ಲ. ಅದಕ್ಕೊಂದು ಕಾನೂನು ಇರಲಿಲ್ಲ, ಕಟ್ಟುಪಾಡು ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಕಟ್ಟುಪಾಡಿನ ವಿರುದ್ಧ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿ ಕನ್ನಡದಲ್ಲಿ ಬಂದಾಗ ನಮ್ಮ ಅಜ್ಜಿ ಒಂದು ಸಂಚಿಕೆಯನ್ನೂ ಬಿಡಲಿಲ್ಲ. ‘ಇದು ಹಿಂದೀದು ಅಜ್ಜಿ’ ಎಂದರೆ, ‘ಮಹಾಭಾರತ ಹೆಂಗೋ ಹಿಂದೀದಾಗುತ್ತೆ?’ ಎಂದು ನನ್ನನ್ನೇ ಕೇಳಿದ್ದರು. ಉತ್ತರ ನನ್ನ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಹಾಗಂತ ನನಗೆ ಹಿಂದಿ ಬರುತ್ತಿರಲಿಲ್ಲವೇ? ಬರುತ್ತಿತ್ತು, ಕಾಗದದ ಮೇಲೆ. ಹೈಸ್ಕೂಲಿನಲ್ಲಿ ಮೂರನೇ ಭಾಷೆ ಹಿಂದಿ, ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಅಂಕ. ಆ ಹಿಂದಿಯಲ್ಲಿ ನಾನು ಮುಖ್ಯೋಪಾಧ್ಯಾಯರಿಗೆ ಎರಡು ದಿನದ ರಜಾ ಅರ್ಜಿ ಬರೆಯಬಲ್ಲೆ, ಗಂಗಾ ನದಿಯ ಮಹತ್ವ ವಿವರಿಸಬಲ್ಲೆ. ಆದರೆ ನಮ್ಮ ಪಠ್ಯಪುಸ್ತಕದ ಹಿಂದಿಯಲ್ಲಿ ಯಾರೂ ಯಾರನ್ನೂ ಪ್ರೀತಿಸುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಕುಡಿದು ಬಂದು ದೇವರ ಜೊತೆ ಜಗಳ ಆಡುತ್ತಿರಲಿಲ್ಲ. ಸಿನಿಮಾದಲ್ಲಿ ನಡೆಯುವುದೇ ಆ ಮೂರು.

ನನ್ನ ಬ್ರಿಡ್ಜ್ ಕೋರ್ಸ್ ನಡೆದದ್ದು ಕೆಂಗೇರಿಯ ಒಂದು ಪಿ.ಜಿ. ರೂಮಿನಲ್ಲಿ. ನನ್ನ ಲ್ಯಾಬ್ ಪಾರ್ಟ್‌ನರ್ ಪಟ್ನಾದ ಹುಡುಗ. ಕಾಲೇಜು ಮುಗಿಸಿ ಅವನ ರೂಮಿಗೆ ಹೋಗಿ, ಲ್ಯಾಪ್‌ಟಾಪ್‌ನಲ್ಲಿ ಸಿನಿಮಾ ಹಾಕಿ, ಆಮೇಲೆ ನೇರಳೆ ಮಾರ್ಗದ ಮೆಟ್ರೊ ಹಿಡಿದು ವಿಜಯನಗರದಲ್ಲಿ ಇಳಿದು ಮನೆಗೆ ಬರುವುದು ನನ್ನ ಶುಕ್ರವಾರದ ಟೈಮ್‌ಟೇಬಲ್. ಶುರುವಿನಲ್ಲೇ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು: ಒಂದು ವಾರ ಅವನ ಹಿಂದಿ ಸಿನಿಮಾ, ಮುಂದಿನ ವಾರ ನನ್ನ ಕನ್ನಡ ಸಿನಿಮಾ. ನಡುವೆ ಯಾರೂ ಫೋನ್ ನೋಡುವಂತಿಲ್ಲ. ಇಂಟರ್ನಲ್ಸ್ ಇದ್ದ ವಾರ ರಜೆ.

ಸಬ್‌ಟೈಟಲ್ ಹಾಕಿಕೊಂಡು ನೋಡುವವರಿಗೆ ಒಂದು ವಿಚಿತ್ರ ಅನುಭವವಿದೆ. ನಟ ಮಾತು ಮುಗಿಸುವ ಮೊದಲೇ ಇಡೀ ವಾಕ್ಯ ಕೆಳಗೆ ಬಂದುಬಿಡುತ್ತದೆ. ಹೀಗಾಗಿ ಜೋಕ್‌ಗೆ ನಾನು ಮೊದಲು ನಗುತ್ತಿದ್ದೆ, ಭಾಷೆ ಬಲ್ಲ ಅವನು ಎರಡು ಸೆಕೆಂಡ್ ತಡವಾಗಿ! ಅವನಿಗೆ ಇದರಿಂದ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ‘ಅಂದಾಜ್ ಅಪ್ನಾ ಅಪ್ನಾ’ (1994) ನೋಡುವಾಗ ಅರ್ಧಕ್ಕೇ ಸಬ್‌ಟೈಟಲ್ ತೆಗೆದುಬಿಟ್ಟ. ಅಲ್ಲಿಂದ ಮುಂದೆ ನನಗೆ ಕಿವಿಯೇ ಗತಿ. ಅದೇ ಒಳ್ಳೆಯದಾಯಿತು. ಸಬ್‌ಟೈಟಲ್ ಇದ್ದಾಗ ಕಣ್ಣು ಪರದೆಯ ಕೆಳಗಿನ ಎರಡು ಸಾಲಿಗೇ ಅಂಟಿಕೊಂಡಿರುತ್ತದೆ. ಹಿಂದೆ ನಿಂತ ಪೋಷಕ ನಟ ಹುಬ್ಬು ಏರಿಸಿದ್ದು, ಮಾತಿಗೂ ಮಾತಿಗೂ ನಡುವಿನ ಮೌನ ಎಲ್ಲ ತಪ್ಪಿಹೋಗುತ್ತದೆ.

ಕಿವಿ ತೆರೆದ ಮೇಲೆ ಗೊತ್ತಾದ ಸಂಗತಿಯೇ ನನಗೆ ಈ ಎರಡು ವರ್ಷಗಳ ದೊಡ್ಡ ಖುಷಿ. ಹಿಂದಿ ಸಿನಿಮಾದ ಮಾತು ನನಗೆ ಅರ್ಥವಾಗತೊಡಗಿದ್ದು ಶಾಲೆಯಲ್ಲಿ ಕಲಿತ ಹಿಂದಿಯಿಂದಲ್ಲ, ತಾಲ್ಲೂಕು ಕಚೇರಿಯ ಕನ್ನಡದಿಂದ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅಲೆದವರಿಗೆಲ್ಲ ಈ ಶಬ್ದಗಳು ಬಾಯಿಪಾಠ: ಅರ್ಜಿ, ದಾಖಲೆ, ಹಾಜರು, ಬಾಕಿ, ವಸೂಲಿ, ಮಂಜೂರು, ಜಪ್ತಿ, ತಹಶೀಲ್ದಾರ್. ಪೊಲೀಸ್ ಠಾಣೆಯ ಕಡೆ ಹೋದರೆ ಖೈದಿ, ಜಾಮೀನು, ವಕೀಲ, ಕಾನೂನು. ನಾವು ಅಚ್ಚ ಕನ್ನಡ ಎಂದುಕೊಂಡಿರುವ ‘ರೈತ’ ಕೂಡ ಅದೇ ಗಾಡಿಯಲ್ಲಿ ಬಂದದ್ದು. ಆದಿಲ್‌ಶಾಹಿಗಳ ಬಿಜಾಪುರ, ಹೈದರ್ ಮತ್ತು ಟಿಪ್ಪುವಿನ ಮೈಸೂರು ಇವುಗಳ ಆಡಳಿತದಲ್ಲಿ ಓಡಾಡಿದ ಪಾರ್ಸಿ, ಅರಬ್ಬಿ ಶಬ್ದಗಳು ಇವು. ಹಿಂದಿ ಸಿನಿಮಾದ ಸಂಭಾಷಣೆಯ ಬೆನ್ನೆಲುಬೂ ಇವೇ, ಏಕೆಂದರೆ ಅಲ್ಲಿನ ಭಾಷೆಯಲ್ಲಿ ಉರ್ದುವಿನ ಪಾಲು ದೊಡ್ಡದು. ‘ದಾಮಿನಿ’ (1993) ಸಿನಿಮಾದಲ್ಲಿ ಲಾಯರ್ ಸನ್ನಿ ದೇವಲ್ ಕೋರ್ಟಿನಲ್ಲಿ ನಿಂತು ತಾರೀಖುಗಳ ಬಗ್ಗೆ ಗುಡುಗುವ ದೃಶ್ಯ ಇದೆಯಲ್ಲ, ಅದಕ್ಕೆ ನನಗೆ ಅನುವಾದವೇ ಬೇಕಾಗಲಿಲ್ಲ. ನಮ್ಮ ಅಪ್ಪ ಸೈಟಿನ ಕೇಸಿಗಾಗಿ ಹದಿನೈದು ವರ್ಷದಿಂದ ತಾರೀಖಿಗೆ ಹೋಗುತ್ತಲೇ ಇದ್ದಾರೆ. ಇನ್ನು ‘ಕಾಗಜ್ ಕೆ ಫೂಲ್’ (1959) ಎಂದರೆ ಕಾಗದದ ಹೂ. ಹೆಸರಿನ ಅರ್ಧಭಾಗ ನಮ್ಮದೇ. ಅದನ್ನು ನಿರ್ದೇಶಿಸಿದ ಗುರುದತ್ ಹುಟ್ಟಿದ್ದೂ ಬೆಂಗಳೂರಿನಲ್ಲಿ, 1925ರ ಜುಲೈ 9ರಂದು.

ಮಾತು ಬಂದರೆ ಸಾಕೇ? ಕತೆಯ ಲೆಕ್ಕವೂ ಒಗ್ಗಬೇಕು. ಮನಮೋಹನ್ ದೇಸಾಯಿ ಅವರ ‘ಅಮರ್ ಅಕ್ಬರ್ ಆಂಥೊನಿ’ (1977) ಎಂಜಿನಿಯರಿಂಗ್ ಓದುವವರಿಗೆ ಕಠಿಣ ಪರೀಕ್ಷೆ. ಚಿಕ್ಕಂದಿನಲ್ಲಿ ಬೇರೆಬೇರೆಯಾಗಿ ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳಲ್ಲಿ ಬೆಳೆದ ಮೂವರು ಅಣ್ಣತಮ್ಮಂದಿರು ಆಸ್ಪತ್ರೆಯಲ್ಲಿ ಸಾಲಾಗಿ ಮಲಗಿದ್ದಾರೆ. ಅಪಘಾತವಾದ ಹೆಂಗಸಿಗೆ ರಕ್ತ ಕೊಡುತ್ತಿದ್ದಾರೆ. ಆಕೆ ತಮ್ಮ ತಾಯಿ ಎಂದು ಅವರಿಗೆ ಗೊತ್ತಿಲ್ಲ, ತಾವು ಅಣ್ಣತಮ್ಮಂದಿರು ಎಂದೂ ಗೊತ್ತಿಲ್ಲ. ಮೂವರ ತೋಳಿನಿಂದ ಮೂರು ಕೊಳವೆ ಹೊರಟು, ಮೇಲೆ ತೂಗುಹಾಕಿದ ಒಂದೇ ಬಾಟಲಿಗೆ ಏರಿ, ಅಲ್ಲಿಂದ ತಾಯಿಯ ತೋಳಿಗೆ ಇಳಿಯುತ್ತವೆ. ಮೂರನೇ ಸೆಮಿಸ್ಟರ್‌ನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಬರೆದು ಬಂದಿದ್ದ ನಾನು ಪಾಸ್ ಒತ್ತಿ ಕೂಗಿಕೊಂಡೆ: ಪಂಪ್ ಎಲ್ಲಿ? ರಕ್ತನಾಳದ ಒತ್ತಡದಲ್ಲಿ ರಕ್ತ ಅಷ್ಟು ಎತ್ತರ ಹೇಗೆ ಏರುತ್ತದೆ? ಬ್ಲಡ್ ಗ್ರೂಪ್ ನೋಡಿದವರು ಯಾರು? ಪಟ್ನಾದವನು ಅಲುಗಾಡದೆ ಹೇಳಿದ: ‘ಬಾಟಲಿ ನೋಡಬೇಡ ಮಗಾ, ತಾಯಿನ ನೋಡು.’

ನೋಡಿದೆ. ಆ ಹೊತ್ತಿಗೆ ಟೈಟಲ್ ಬಂತು. ಸಿನಿಮಾ ಶುರುವಾಗಿ ಎಷ್ಟೋ ಹೊತ್ತಾದ ಮೇಲೆ, ಮಕ್ಕಳ ರಕ್ತ ತಾಯಿಗೆ ಹರಿಯುವಾಗ, ಆ ಮೂರು ಹೆಸರು ಪರದೆಯ ಮೇಲೆ. ಮೂರು ಧರ್ಮದ ರಕ್ತ ಒಂದೇ ಬಾಟಲಿಗೆ ಸೇರುವುದನ್ನು ಭಾಷಣದಲ್ಲಿ ಹೇಳಿದ್ದರೆ ನಾನು ಆಕಳಿಸುತ್ತಿದ್ದೆ. ಕೊಳವೆಯಲ್ಲಿ ತೋರಿಸಿದ್ದಕ್ಕೆ ರೋಮ ಎದ್ದಿತು. ಕನ್ನಡ ಸಿನಿಮಾದಲ್ಲಿ ತಾಯಿ ಹೊಡೆಯುವ ಗಂಟೆಗೆ ದೇವರ ತಲೆಯ ಹೂ ಬಿದ್ದಾಗ ನಾನು ಯಾವತ್ತಾದರೂ ಗಾಳಿಯ ವೇಗ ಕೇಳಿದ್ದೇನೆಯೇ? ಅದೇ ರಿಯಾಯಿತಿ ಇಲ್ಲಿಗೂ ಕೊಟ್ಟರೆ ಆಯಿತು.

‘3 ಈಡಿಯಟ್ಸ್’ (2009) ಬಗ್ಗೆ ಬಿ.ಇ.ಯವರಿಗೆ ಹೇಳುವುದು ಏನೂ ಇಲ್ಲ, ನೋಡದವರು ಯಾರಿದ್ದಾರೆ? ಒಂದು ಮಾತು ಮಾತ್ರ. ಅದರ ಇಂಪೀರಿಯಲ್ ಕಾಲೇಜ್ ಆಫ್ ಎಂಜಿನಿಯರಿಂಗ್ ಎಂದರೆ ಬನ್ನೇರುಘಟ್ಟ ರಸ್ತೆಯ ಐಐಎಂ. ಎಂಜಿನಿಯರಿಂಗ್‌ನ ಗೋಳು ತೋರಿಸಲು ಎಂಬಿಎ ಕಾಲೇಜು ಬೇಕಾಯಿತು.

ಈಗ ಅಜ್ಜಿಯ ಕತೆಗೆ ಬರುತ್ತೇನೆ. ಹೋದ ದಸರಾ ರಜೆಯಲ್ಲಿ ಮನೆಯಲ್ಲೇ ಟಿ.ವಿ.ಗೆ ಫೋನ್ ಜೋಡಿಸಿ ಅಮಿತಾಭ್ ಬಚ್ಚನ್ ಅವರ ‘ಮಹಾನ್’ (1983) ಹಾಕಿದ್ದೆ. ಅಜ್ಜಿ ಪಕ್ಕದಲ್ಲಿ ಅವರೆಕಾಳು ಚಿಲುಕಿಸುತ್ತಾ ಕೂತಿದ್ದರು. ಅವರಿಗೆ ಹಿಂದಿ ಒಂದಕ್ಷರ ಬಾರದು. ಒಂದಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಕೈ ನಿಂತಿತು. ‘ಇವನು ತಪ್ಪು ಮಾಡಿಲ್ಲ ಕಣೋ, ಕೊಲೆ ಅಪವಾದ ಹೊರಿಸ್ತಾರೆ. ಬಸುರಿ ಹೆಂಡ್ತಿನ ಬಿಟ್ಟು ಓಡ್ಹೋಗ್ತಾನೆ ನೋಡು’ ಎಂದರು. ನಾನು ನೋಡಿದೆ. ಓಡಿಹೋದ. ‘ಅವಳಿಗೆ ಅವಳಿ ಮಕ್ಕಳು’ ಎಂದರು. ಅವಳಿಯೇ. ‘ಮೂರೂ ಪಾತ್ರ ಇವನೇ ಮಾಡಿರ್ತಾನೆ.’ ಹೌದು. ನನ್ನ ಮುಖ ನೋಡಿ ಅಜ್ಜಿಗೆ ನಗು. ‘ಇದು ನಮ್ಮ ಶಂಕರ್ ಗುರು ಅಲ್ವೇನೋ! ನಿಮ್ಮ ತಾತನ ಜೊತೆ ಎರಡು ಸಲ ನೋಡಿದೀನಿ.’

ಅಜ್ಜಿ ಹೇಳಿದ್ದು ಸರಿ. 1978ರಲ್ಲಿ ವಿ. ಸೋಮಶೇಖರ್ ನಿರ್ದೇಶನದಲ್ಲಿ ಬಂದ ‘ಶಂಕರ್ ಗುರು’, ಐದು ವರ್ಷದ ಬಳಿಕ ಹಿಂದಿಗೆ ಹೋಗಿ ‘ಮಹಾನ್’ ಆಯಿತು. ಅವತ್ತು ಅಜ್ಜಿ ಸಿನಿಮಾ ಮುಗಿಯುವವರೆಗೂ ಏಳಲಿಲ್ಲ. ಅವರೆಕಾಳು ಹಾಗೇ ಉಳಿದು ರಾತ್ರಿ ಊಟಕ್ಕೆ ಬರೀ ತಿಳಿಸಾರು. ಅಮಿತಾಭ್ ಬಗ್ಗೆ ಅವರ ತೀರ್ಪು: ‘ಹುಡುಗ ಚೆನ್ನಾಗಿ ಮಾಡಿದಾನೆ. ಎತ್ತರ ಸ್ವಲ್ಪ ಜಾಸ್ತಿ.’

ಅಲ್ಲಿಂದ ನಾನು ಹುಡುಕುತ್ತಾ ಹೋದೆ. ಪುಟ್ಟಣ್ಣ ಕಣಗಾಲರು ‘ನಾಗರಹಾವು’ವನ್ನು ತಾವೇ ಹಿಂದಿಗೆ ಒಯ್ದು ರಿಷಿ ಕಪೂರ್ ಅವರಿಂದ ‘ಜಹ್ರೀಲಾ ಇನ್ಸಾನ್’ (1974) ಮಾಡಿಸಿದ್ದರು. ರಾಜೇಂದ್ರ ಸಿಂಗ್ ಬಾಬು ‘ಅಂತ’ವನ್ನು ‘ಮೇರಿ ಆವಾಜ್ ಸುನೋ’ ಮಾಡಿದರು. ಕಾಶೀನಾಥ್ ‘ಅನುಭವ’ವನ್ನು ಒಯ್ದರು. ‘ಅನುರಾಗ ಅರಳಿತು’ ತಮಿಳು, ತೆಲುಗು ಸುತ್ತಿಕೊಂಡು 1994ರಲ್ಲಿ ‘ಲಾಡ್ಲಾ’ ಆಯಿತು. ಉಪೇಂದ್ರರ ‘ಓಂ’ 1999ರಲ್ಲಿ ‘ಅರ್ಜುನ್ ಪಂಡಿತ್’. ಇವೆಲ್ಲ ಮೂಲದಷ್ಟು ಚೆನ್ನಾಗಿವೆ ಎಂದು ನಾನು ಹೇಳುವುದಿಲ್ಲ. ‘ಜಹ್ರೀಲಾ ಇನ್ಸಾನ್’ನಲ್ಲಿ ಚಿತ್ರದುರ್ಗದ ಆ ಬಂಡೆಯಂಥ ರಾಮಾಚಾರಿ ನನಗೆ ಸಿಗಲಿಲ್ಲ. ಆದರೆ ಕೆ.ಜಿ.ಎಫ್. ಎರಡನೇ ಭಾಗ 2022ರಲ್ಲಿ ಹಿಂದಿಯಲ್ಲೇ 400 ಕೋಟಿ ರೂಪಾಯಿ ದಾಟಿದಾಗ, ಕನ್ನಡದ ಕತೆ ಇದೇ ಮೊದಲು ವಿಂಧ್ಯ ದಾಟಿತು ಎಂಬಂತೆ ನಮ್ಮ ಹಾಸ್ಟೆಲ್‌ನಲ್ಲಿ ಈಗಲೂ ಮಾತಾಡುತ್ತಾರಲ್ಲ, ಅವರು ನಮ್ಮ ಅಜ್ಜಿಯ ಪಕ್ಕ ಒಂದು ಮಧ್ಯಾಹ್ನ ಕೂರಬೇಕು.

ಇನ್ನು ‘ಶೋಲೆ’. ಹಿಂದಿ ಸಿನಿಮಾದ ಲ್ಯಾಟರಲ್ ಎಂಟ್ರಿಯವರಿಗೆ ಇದೇ ಕಡ್ಡಾಯ ಪತ್ರಿಕೆ. ಅರ್ಧ ಜೋಕ್‌ಗಳು ಹುಟ್ಟಿದ್ದೇ ಇಲ್ಲಿ. 1975ರ ಆಗಸ್ಟ್ 15ರಂದು ಬಿಡುಗಡೆಯಾಗಿ ಮುಂಬೈನ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿದ ಸಿನಿಮಾ. ಅದನ್ನು ಚಿತ್ರಿಸಿದ್ದು ಎಲ್ಲಿ ಎಂಬುದು ನಮಗೆಲ್ಲ ಗೊತ್ತು, ಪಟ್ನಾದವನಿಗೆ ಗೊತ್ತಿರಲಿಲ್ಲ! ಚಿಕ್ಕಂದಿನಿಂದ ವರ್ಷಕ್ಕೊಮ್ಮೆಯಾದರೂ ನೋಡಿದ್ದಾನೆ, ಪ್ರತಿ ಮಾತೂ ಬಾಯಿಗೆ ಬರುತ್ತದೆ. ರಾಮ್‌ಗಢ ಎನ್ನುವ ಆ ಊರು ಚಂಬಲ್ ಕಣಿವೆಯಲ್ಲೋ, ತನ್ನ ಅಜ್ಜಿ ಊರಿನ ದಾರಿಯಲ್ಲೋ ಎಲ್ಲೋ ಇದೆ ಎಂದುಕೊಂಡೇ ಬೆಳೆದವನು. ‘ನಿನ್ನ ಪಿ.ಜಿ.ಯಿಂದ ಮುಕ್ಕಾಲು ಗಂಟೆ ದಾರಿ ಕಣೋ’ ಎಂದಾಗ ನಂಬಲಿಲ್ಲ. ಭಾನುವಾರ ಬೆಳಿಗ್ಗೆ ಕೆಂಗೇರಿ ಸ್ಟೇಷನ್‌ನಲ್ಲಿ ಮೈಸೂರು ಕಡೆಯ ಮೆಮು ಹತ್ತಿಸಿದೆ. ಹೆಜ್ಜಾಲ, ಬಿಡದಿ ದಾಟಿದ ಮೇಲೆ ಕಿಟಕಿಯಲ್ಲಿ ಬಂಡೆಗಳು ಒಂದೊಂದಾಗಿ ಏಳತೊಡಗಿದವು. ಅವನು ಮಾತು ನಿಲ್ಲಿಸಿದ. ‘ಅರೆ’ ಎಂದ. ಮತ್ತೆ ‘ಅರೆ’ ಎಂದ. ಅಷ್ಟೇ.

ರಾಮನಗರ ಸ್ಟೇಷನ್‌ನಿಂದ ರಾಮದೇವರ ಬೆಟ್ಟಕ್ಕೆ ಆಟೊ. ಆಟೊ ಅಣ್ಣನಿಗೆ ವಿಷಯ ಗೊತ್ತಾದದ್ದೇ ತಡ, ತಮ್ಮ ತಾತ ‘ಶೋಲೆ’ಯಲ್ಲಿ ಇದ್ದಾರೆ ಎಂದರು. ಯಾವ ಸೀನ್ ಎಂದು ಕೇಳಿದೆ. ‘ಕುದುರೆ ಬರ್ತವಲ್ಲ, ಜನ ಎಲ್ಲಾ ಓಡ್ತಾರಲ್ಲ, ಅದ್ರಲ್ಲಿ.’ ಕಾಣುತ್ತಾರಾ? ‘ಧೂಳು ಕಾಣ್ತದೆ.’ ಕಲಾ ನಿರ್ದೇಶಕ ರಾಮ್ ಯೇಡೇಕರ್ ಈ ಜಾಗ ಹುಡುಕಿದ ಮೇಲೆ, 1973ರ ಅಕ್ಟೋಬರ್‌ನಲ್ಲಿ ಇಲ್ಲಿ ಚಿತ್ರೀಕರಣ ಶುರುವಾಗಿತ್ತು. ಬೆಟ್ಟದ ಬುಡದಲ್ಲಿ ಇಡೀ ಒಂದು ಹಳ್ಳಿಯನ್ನೇ ಕಟ್ಟಿದ್ದರು. ನಿರ್ದೇಶಕ ರಮೇಶ್ ಸಿಪ್ಪಿ ಹೆಸರಿನಿಂದ ಆ ಜಾಗಕ್ಕೆ ಸಿಪ್ಪಿನಗರ ಎಂದೂ ಜನ ಕರೆದದ್ದುಂಟು. ಈಗ ಆ ಹಳ್ಳಿ ಇಲ್ಲ. ಮೆಟ್ಟಿಲು, ದೇವಸ್ಥಾನ, 2012ರಲ್ಲಿ ಘೋಷಣೆಯಾದ ರಣಹದ್ದುಗಳ ವನ್ಯಧಾಮದ ಬೋರ್ಡು ಇವೆ. ಮತ್ತೆ ಬಂಡೆಗಳಿವೆ. ಈ ಕಲ್ಲಿಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಕ್ಲೋಸ್‌ಪೇಟೆ ಎಂದರೆ ರಾಮನಗರದ ಬ್ರಿಟಿಷ್ ಕಾಲದ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ಗಬ್ಬರ್ ಸಿಂಗ್ ಬೂಟು ತಿಕ್ಕಿಕೊಂಡು ಓಡಾಡಿದ ಎರಡು ವರ್ಷ ಆ ಕಲ್ಲಿಗೆ ಕಣ್ಣು ಮಿಟುಕಿಸಿದಷ್ಟೂ ಅಲ್ಲ. ಸಿನಿಮಾದ ಕೊನೆಯನ್ನು ತುರ್ತು ಪರಿಸ್ಥಿತಿಯ ಕಾಲದ ಸೆನ್ಸಾರ್ ಬದಲಿಸಿತ್ತು: ಠಾಕೂರ್ ಗಬ್ಬರ್‌ನನ್ನು ತುಳಿದು ಕೊಲ್ಲುವ ಬದಲು ಪೊಲೀಸರು ಬಂದು ಹಿಡಿಯುತ್ತಾರೆ. ಐವತ್ತು ತುಂಬಿದ 2025ರಲ್ಲಿ ಮೂಲದ ಆ ಕೊನೆಯನ್ನು ಸೇರಿಸಿ, ಸಿನಿಮಾವನ್ನು ದುರಸ್ತಿ ಮಾಡಿ ಇಟಲಿಯ ಬೊಲೊನ್ಯಾದಲ್ಲಿ ತೋರಿಸಿದರು.

ಬೆಟ್ಟದ ಮೇಲೆ ನಿಂತು ಅವನು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದ. ಫೋನ್ ತಿರುಗಿಸಿ ಬಂಡೆ ತೋರಿಸಿದ. ಆ ಕಡೆಯಿಂದ ಅವರು ಮೊದಲು ಕೇಳಿದ್ದು, ‘ಊರು ಎಲ್ಲಿ?’ ಇವನು ರಾಮನಗರದ ಕಡೆ ಕೈ ತೋರಿಸಿದ. ಅಲ್ಲಿ ಕಾಣುತ್ತಿದ್ದದ್ದು ಹೆದ್ದಾರಿ, ಮನೆಗಳು, ರೈಲು ಹಳಿ. ಅವನ ಬಾಲ್ಯದ ಅತಿ ದೊಡ್ಡ ಊರು ಹೀಗೆ ಮೈಸೂರು ರಸ್ತೆಯಲ್ಲಿ, ಕನ್ನಡ ಬೋರ್ಡುಗಳ ನಡುವೆ ಸಿಕ್ಕಿತು. ಬರುವಾಗ ರೈಲಿನಲ್ಲಿ ಅವನು ಸ್ಟೇಷನ್‌ಗಳ ಹೆಸರನ್ನು ಕನ್ನಡದಲ್ಲಿ ಕೂಡಿಸಿ ಕೂಡಿಸಿ ಓದಲು ಶುರು ಮಾಡಿದ. ‘ಬಿ-ಡ-ದಿ.’ ನಾನು ಹೇಳಿಕೊಟ್ಟದ್ದಲ್ಲ.

ಇಷ್ಟೆಲ್ಲ ಕೇಳಿದರೂ ವಿಜಯನಗರದ ನನ್ನ ಸೋದರಮಾವ ಒಪ್ಪುವುದಿಲ್ಲ. ಅವರು ಕನ್ನಡ ಸಂಘಟನೆಯಲ್ಲಿ ಇರುವವರು. 2017ರಲ್ಲಿ ನಮ್ಮ ಮೆಟ್ರೊ ಬೋರ್ಡುಗಳಲ್ಲಿ ಹಿಂದಿ ಬೇಡ ಎಂಬ ಹೋರಾಟದಲ್ಲಿ ದಿನಗಟ್ಟಲೆ ಓಡಾಡಿ, ಕೊನೆಗೆ ಆ ಬೋರ್ಡುಗಳಿಂದ ಹಿಂದಿ ಹೋದದ್ದನ್ನು ಕಂಡವರು. ‘ಕೌಂಟರ್‌ನಲ್ಲಿ ಹಿಂದಿ ಬೇಡ ಅಂತೀಯ, ಆಮೇಲೆ ಅದೇ ಹಿಂದಿಗೆ ಮುನ್ನೂರು ರೂಪಾಯಿ ಕೊಟ್ಟು ಸೀಟಿ ಹೊಡೀತೀಯ. ಯಾವುದೋ ನಿಂದು?’ ಎಂದು ಹಬ್ಬದ ಊಟದಲ್ಲಿ ಎಲ್ಲರ ಎದುರಿಗೇ ಕೇಳಿದರು. ಪ್ರಶ್ನೆ ಸಣ್ಣದಲ್ಲ. ನಮ್ಮ ಭಾಗದ ಮಾಲ್‌ಗಳಲ್ಲಿ ದೊಡ್ಡ ಹಿಂದಿ ಸಿನಿಮಾ ಬಂದ ವಾರ ಕನ್ನಡ ಸಿನಿಮಾದ ಆಟ ಬೆಳಿಗ್ಗೆ ಹತ್ತಕ್ಕೆ ಸರಿಯುವುದನ್ನು ನಾನೂ ನೋಡಿದ್ದೇನೆ. ಹತ್ತಕ್ಕೆ ನನಗೆ ಕ್ಲಾಸ್ ಇರುತ್ತದೆ.

ನಾನು ಮಾವನಿಗೆ ಹೇಳಿದ್ದು ಇಷ್ಟು. ಬ್ಯಾಂಕಿನ ಚಲನ್, ರೈಲಿನ ಪ್ರಕಟಣೆ, ಕೆಲಸದ ಪರೀಕ್ಷೆ ಇವು ನನ್ನ ಹಕ್ಕು. ಅಲ್ಲಿ ಹಿಂದಿ ಬಂದು ಕನ್ನಡದ ಕುರ್ಚಿಯಲ್ಲಿ ಕೂತರೆ ಅಜ್ಜಿಗೆ ಚಲನ್ ತುಂಬಲು ಆಗುವುದಿಲ್ಲ. ಅದಕ್ಕೆ ನಾನು ನಿಮ್ಮ ಜೊತೆಗೇ ಬರುತ್ತೇನೆ. ಸಿನಿಮಾ ಹಾಗಲ್ಲ. ಅದು ನನ್ನನ್ನು ಕರೆಯುತ್ತದೆ, ಹೋಗದಿದ್ದರೆ ದಂಡ ಹಾಕುವುದಿಲ್ಲ. ಮೂರನೇ ಭಾಷೆಯ ಅಂಕಕ್ಕಾಗಿ ಐದು ವರ್ಷ ಓದಿದ ಹಿಂದಿ ನನ್ನ ಬಾಯಿಗೆ ಬರಲೇ ಇಲ್ಲ. ಯಾರೂ ಕೇಳದೆ, ನಾನೇ ಹೋಗಿ ಕೂತು ನೋಡಿದ್ದರಿಂದ ಎರಡು ವರ್ಷದಲ್ಲಿ ಕಿವಿಗೆ ಹತ್ತಿತು. ಮಾವ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಾ, ‘ಟಿಕೆಟ್ ದುಡ್ಡಲ್ಲಿ ಒಂದು ಪಾಲು ಕನ್ನಡಕ್ಕೂ ಇಡು’ ಎಂದರು. ಇಡುತ್ತಿದ್ದೇನೆ. 200 ರೂಪಾಯಿ ಟಿಕೆಟ್ ಮಿತಿಗೆ ಹೈಕೋರ್ಟ್ ತಡೆ ಕೊಡದೇ ಇದ್ದಿದ್ದರೆ ಎರಡಕ್ಕೂ ಸುಲಭವಾಗುತ್ತಿತ್ತು, ಆ ಮಾತು ಬೇರೆ.

ನನಗೆ ಇಂದಿಗೂ ಗಂಟಲಲ್ಲಿ ಇಳಿಯದ ಒಂದು ಸಂಗತಿಯೂ ಇದೆ. ದಕ್ಷಿಣದವರು ಎಂದರೆ ಲುಂಗಿ, ಅಯ್ಯೋ, ತಲೆ ಕುಣಿಸುವುದು. 1968ರ ‘ಪಡೋಸನ್’ನಲ್ಲಿ ಮೆಹಮೂದ್ ಮಾಡಿದ ಸಂಗೀತದ ಮೇಷ್ಟ್ರಿಂದ 2013ರ ‘ಚೆನ್ನೈ ಎಕ್ಸ್‌ಪ್ರೆಸ್’ವರೆಗೆ ಅದೇ ಸರಕು. ಎರಡನೆಯದನ್ನು ತೆಗೆದವರು ರೋಹಿತ್ ಶೆಟ್ಟಿ, ಮೂಲತಃ ನಮ್ಮ ಕರಾವಳಿಯ ಕುಟುಂಬದವರು. ಪಟ್ನಾದವನು ನಗುವಾಗ ನಾನು ನಗಲಿಲ್ಲ, ಅವನಿಗೆ ಕಾರಣವನ್ನೂ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಅವನು, ‘ಬಿಹಾರಿ ಅಂದ್ರೆ ಮುಂಬೈ ಸಿನಿಮಾಗಳಲ್ಲಿ ಏನು ತೋರಿಸ್ತಾರೆ ಗೊತ್ತಾ?’ ಎಂದು ಪಟ್ಟಿ ಹೇಳತೊಡಗಿದ. ಆ ರಾತ್ರಿ ಸಿನಿಮಾ ಅರ್ಧಕ್ಕೇ ನಿಂತಿತು.

ಒಪ್ಪಂದದ ಅವನ ಭಾಗದ ಫಲವೂ ಕೇಳಿ. ಕನ್ನಡವನ್ನು ಅವನು ಕಲಿತದ್ದು ಹೆಚ್ಚಾಗಿ ನಾನು ತೋರಿಸಿದ ಅಣ್ಣಾವ್ರ ಪೌರಾಣಿಕ, ಐತಿಹಾಸಿಕ ಸಿನಿಮಾಗಳಿಂದ. ಹೀಗಾಗಿ ಕೆಂಗೇರಿಯ ದರ್ಶಿನಿಯಲ್ಲಿ ನಿಂತು, ‘ಸ್ವಾಮಿ, ಇನ್ನೊಂದು ಕಾಫಿ ದಯಪಾಲಿಸಿ’ ಎನ್ನುತ್ತಾನೆ. ಕ್ಯಾಷ್ ಕೌಂಟರ್‌ನವರು ಈಗ ಅವನನ್ನು ಮಯೂರ ಎಂದೇ ಕರೆಯುತ್ತಾರೆ. ನನ್ನ ಹಿಂದಿಯೂ ಅಷ್ಟೇ ಘನವಾಗಿದೆ. ಫೋನಿನಲ್ಲಿ ಅವನ ಅಮ್ಮನಿಗೆ ನಮಸ್ಕಾರ ಹೇಳಿ ಒಂದೆರಡು ಮಾತಾಡಿದೆ. ಅವರು ಬಹಳ ಹೊತ್ತು ನಕ್ಕು, ‘ಯಾವ ಸಿನಿಮಾದಿಂದ ಕಲಿತೆ ಮಗನೇ?’ ಎಂದರು.

ಅದೇ ಮಾತಿನಲ್ಲಿ ಗೊತ್ತಾಯಿತು, ಅವರಿಗೆ ‘ಮಹಾನ್’ ಎಂದರೆ ಪ್ರಾಣ, ಮದುವೆಗೆ ಮೊದಲು ಅಕ್ಕಂದಿರ ಜೊತೆ ಪಟ್ನಾದಲ್ಲಿ ನೋಡಿದ್ದು. ಅದರ ಮೂಲ ಕನ್ನಡದ್ದು ಎಂದಾಗ ಅವರಿಗೂ ರಾಮನಗರದಷ್ಟೇ ಆಶ್ಚರ್ಯ. ಯೂಟ್ಯೂಬ್‌ನ ‘ಶಂಕರ್ ಗುರು’ ಲಿಂಕ್ ಕಳಿಸಿದೆ. ಸಬ್‌ಟೈಟಲ್ ಇರಲಿಲ್ಲ. ಎರಡು ಮಧ್ಯಾಹ್ನ ಕೂತು ಪೂರ್ತಿ ನೋಡಿದರಂತೆ. ಕತೆ ಗೊತ್ತಿತ್ತಲ್ಲ, ಮಾತಿನ ತೊಂದರೆಯಾಗಲಿಲ್ಲ. ಅವರ ಒಂದೇ ಪ್ರಶ್ನೆ ಮಗನ ಮೂಲಕ ಬಂತು: ಹಿಂದಿಯಲ್ಲಿ ಅಮಿತಾಭ್‌ಗೆ ಕಿಶೋರ್ ಕುಮಾರ್ ಹಾಡಿದ್ದರು, ನಿಮ್ಮ ಹೀರೊಗೆ ಹಾಡಿದವರು ಯಾರು? ಹೀರೊನೇ ಹಾಡಿದ್ದು ಎಂದು ಹೇಳಿ ಕಳಿಸಿದೆ. ಅವರು ನಂಬಲಿಲ್ಲ. ಮೂರು ಪಾತ್ರ ಮಾಡಿ, ಹೊಡೆದಾಡಿ, ಹಾಡನ್ನೂ ಅವನೇ ಹಾಡುತ್ತಾನಾ ಎಂದು ಮಗನಿಗೇ ಬೈದರಂತೆ. ರಾಜ್‌ಕುಮಾರ್ ಸ್ಟುಡಿಯೊದಲ್ಲಿ ಮೈಕ್ ಮುಂದೆ ನಿಂತಿರುವ ಫೋಟೊ ಒಂದನ್ನು ಹುಡುಕಿ ಕಳಿಸಬೇಕಿದೆ, ಇಂಟರ್ನಲ್ಸ್ ಮುಗಿಯಲಿ. ‘ಕಿಶೋರ್ ಕುಮಾರ್ ಕೂಡ 1972ರ ನಮ್ಮ ಕುಳ್ಳ ಏಜೆಂಟ್ 000ದಲ್ಲಿ ಕನ್ನಡದಲ್ಲಿ ಹಾಡಿದಾರೆ ಅಂತ ಜೊತೆಗೇ ಬರಿ’ ಎಂದು ಅಜ್ಜಿ ನೆನಪಿಸಿದ್ದಾರೆ.